ಕಾಕು ಜಗಳ ಬಿಟ್ಟಾಗ

ಮೊನ್ನೆ ಚಳಿಗೆಂದು ಟ್ರಂಕಿನ ತಳದಿಂದ ಹಳೆಯ ಕೌದಿ ತೆಗೆದರೆ ಹೊಳೆಯ ಕೆಸರಿನ ವಾಸನೆ ಬಂತು. ಮಹಾಪೂರ ಬಂದು ಹೋಗಿ ವರ್ಷಗಳಾದವು, ಎಷ್ಟೋ ಸಲ ಒಗೆದದ್ದೂ ಆಯಿತು. ಆದರೂ ಮೂಗಿಗೆ ಅದೇ ವಾಸನೆ. ಅದರ ಹಿಂದೆಯೇ ಎದುರುಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮ...

ಸತ್ತಿ ಊರಿನ ನಮ್ಮ ಓಣಿಯಲ್ಲಿ ಕಾಕುವಿನ ಜಗಳವಿಲ್ಲದೆ ಬೆಳಗಾಗುತ್ತಿರಲಿಲ್ಲ. ಹಾಲಿನವನ ಕೂಡ, ಕೋಳಿಗಳ ಕೂಡ, ಯಾರೂ ಸಿಗದಿದ್ದರೆ ನನ್ನ ಕೂಡ. ನಾನೋ, ಮೋಡ ಕಂಡರೂ ಕಾಳಜಿ, ಕಾಣದಿದ್ದರೂ ಕಾಳಜಿ ಮಾಡುವವಳು. "ನಿನ್ನ ಮಾರಿ ನೋಡಿದ್ರ ನನಗ ಜ್ವರಾ ಬರ್ತಾವ ಬೇ," ಅನ್ನುತ್ತಿದ್ದಳು ಕಾಕು. ಆಕೆಯ ಗಂಡ, ನಮ್ಮ ಕಾಕಾ, ಕಟ್ಟೆಯ ಮೇಲೆ ಕೂತು ನಗುತ್ತಿದ್ದರು.

ಆ ವರ್ಷ ಕೃಷ್ಣೆ ಓಣಿಯೊಳಗೇ ಬಂದಳು. ಗೊಡ್ಡು ಎಮ್ಮೆ ಬಿಚ್ಚಲು ಹೋದ ಕಾಕಾ ಮರಳಲಿಲ್ಲ. ಎಮ್ಮೆ ಈಜಿಕೊಂಡು ಬಂತು.

ನೀರಿಳಿದು ಊರಿಗೆ ಮರಳಿದ ಮೇಲೆ ಕಾಕು ಮಾತೇ ಬಿಟ್ಟಳು. ಅಳಲಿಲ್ಲ. ಕಾಕಾನ ಸುದ್ದಿ ಎತ್ತಲಿಲ್ಲ. ತಾಟಿನ ಮುಂದೆ ಕೂರಿಸಿದರೆ ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದಳು. ಈಕೆಯೂ ಗಂಡನ ಹಿಂದೆ ಹೋಗುತ್ತಾಳೆ ಎಂದು ಓಣಿಯಲ್ಲೆಲ್ಲ ಗುಸುಗುಸು. ನಾವು ಪಾಪ, ನಮಗೆ ತಿಳಿದ ಉಪಕಾರ ಮಾಡಿದೆವು: ಆಕೆಗೆ ಎದುರಾಡುವುದನ್ನು ನಿಲ್ಲಿಸಿದೆವು. ನಳಕ್ಕೆ ಬಂದರೆ ಎಲ್ಲರೂ ಪಾಳಿ ಬಿಟ್ಟುಕೊಟ್ಟೆವು. ಹಾಲಿನವನು ಆಕೆಯ ಹಾಲಿಗೆ ನೀರು ಬೆರೆಸುವುದನ್ನೇ ಬಿಟ್ಟ. ಕಾಕು ತುಂಬಿದ ಕೊಡ ಹಿಡಿದು, ಎತ್ತ ಹೋಗಬೇಕೋ ತಿಳಿಯದವಳ ಹಾಗೆ ನಿಂತಿರುತ್ತಿದ್ದಳು. ನಾನು ಧೈರ್ಯ ಹೇಳಲು ಹೋಗಿ, ನಾನೇ ಗಾಬರಿಯಾಗಿ, ಆಕೆಯ ಮನೆಯಲ್ಲೇ ನೀರು ಕುಡಿದು ಬರುತ್ತಿದ್ದೆ.

ಒಂದು ಮುಂಜಾನೆ, ಕಾಗವಾಡದಿಂದ ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಸೊಸೆಯೊಬ್ಬಳು, ಏನೂ ತಿಳಿಯದೆ, ನಳದ ಕೆಳಗಿನ ಕಾಕುವಿನ ಕೊಡ ಸರಿಸಿ ತನ್ನದಿಟ್ಟಳು. "ಪಾಳಿ ನಂದೈತ್ರಿ."

ಕಾಕು ಕೊಡ ನೋಡಿದಳು. ಹುಡುಗಿಯ ಮಾರಿ ನೋಡಿದಳು.

"ಯಾರ ಮನಿ ಸೊಸಿ ಬೇ ನೀ? ನಿಮ್ಮವ್ವ ಬಾಯಿ ಅಷ್ಟ ಕೊಟ್ಟು ಕಳಿಸ್ಯಾಳೇನ?"

"ಕೊಡಾನೂ ಕೊಟ್ಟಾಳ್ರಿ. ಅದಕ್ಕ ಪಾಳಿಗೆ ಇಟ್ಟೀನಿ."

ನಾನು ಹುಡುಗಿಯ ಸೆರಗು ಜಗ್ಗಿದೆ. ಆಕೆ ಕೇಳಬೇಕಲ್ಲ! ಕಾಕುವಿನ ದನಿ ಏರಿತು. "ಇವತ್ತ ನಮ್ಮವರು ಇದ್ದಿದ್ರ..." ಎಂದವಳು ತಡೆದಳು.

"ಇದ್ದಿದ್ರ ಏನ್ ಮಾಡ್ತಿದ್ರು?" ಅಂದಳು ಹುಡುಗಿ.

ಕೊಡ ತುಂಬಿ ಹರಿಯುತ್ತಿತ್ತು. ಯಾರೂ ನಳ ಬಂದ್ ಮಾಡಲಿಲ್ಲ.

"ಏನೂ ಮಾಡ್ತಿದ್ದಿಲ್ಲ," ಅಂದಳು ಕಾಕು. "ಸಾಕ ನಡಿ ಅಂತ ಕೈ ಹಿಡದು ಮನಿಗೆ ಕರ್ಕೊಂಡ ಹೋಗ್ತಿದ್ರು."

ಅಲ್ಲೇ ಕೂತು ಅತ್ತಳು. ಅಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು, ನಾನು ಕಳಿಸಿದ ಪಲ್ಯಕ್ಕೆ ಉಪ್ಪಿಲ್ಲ ಎಂದು ಬೈದುಕೊಳ್ಳುತ್ತ. ಮುಂದೆ ವರ್ಷಗಟ್ಟಲೆ ಹಾಗೇ ಬದುಕಿದಳು, ದಿನಾ ಆ ಹುಡುಗಿಯ ಕೂಡ ಜಗಳಾಡುತ್ತ.

ನಾವು ಅಥಣಿಗೆ ಬಂದುಬಿಟ್ಟೆವು. ಹೋದ ತಿಂಗಳು ಕಾಕು ತೀರಿಕೊಂಡ ಸುದ್ದಿ ಬಂತು. ನನಗೆ ಅಳು ಬರಲಿಲ್ಲ. ಕಾಳಜಿಯೂ ಆಗಲಿಲ್ಲ, ಮಾಡಲು ಏನು ಉಳಿದಿತ್ತು... ನಿನ್ನೆ ಆ ಸೊಸೆಗೆ ಫೋನ್ ಮಾಡಿದೆ. ಕೊನೆಗೆ ದವಾಖಾನೆಯಲ್ಲಿ ಕಾಕು ಏನಂದರೂ ಎಲ್ಲರೂ ಹೂಂ, ಹೂಂ ಅನ್ನುತ್ತಿದ್ದರಂತೆ.

ಆಮೇಲೆ, "ನಾನೂ ಹೂಂ ಅಂದ್ನಿ ಅಕ್ಕಾರ," ಅಂದಳು.