ಅಮ್ಮನ ಸಿಟ್ಟಿಗೆ ತೆಲುಗು ಬಲ್ಲ ಕೌನ್ಸೆಲರ್

ಮೊದಲೇ ಹೇಳಿಬಿಡ್ತೀನಿ, ಅರ್ಧ ಕೆಡಿಸಿದ್ದು ನಾನೇ. ಮನೆಜಗಳ ಬಿಡಿಸೋ ಕೌನ್ಸೆಲರ್‌ಗಳಿಗೆ ಫೋನ್ ಮಾಡಿದರೆ ಅವರು "ಮನೇಲಿ ಏನು ತೊಂದರೆ?" ಅಂತ ಕೇಳೋರು. ನಾನು ಹೇಳೋ ಬದಲು ಆಡಿ ತೋರಿಸ್ತಿದ್ದೆ. ಅಪ್ಪನ ದನಿಯಲ್ಲಿ ಎರಡು ಮಾತು, ಅಮ್ಮನ ದನಿಯಲ್ಲಿ ನಾಲ್ಕು. ಯಾರು ಜಾಸ್ತಿ ನಗ್ತಾರೋ ಅವರೇ ನಮಗೆ ಸರಿ ಅನ್ನೋದು ನನ್ನ ಲೆಕ್ಕ. ನಾನು ಹುಡುಕ್ತಿದ್ದದ್ದು ಕೌನ್ಸೆಲರನ್ನೋ ಪ್ರೇಕ್ಷಕರನ್ನೋ, ದೇವರಿಗೇ ಗೊತ್ತು.

ಅಪ್ಪ ಕೋಲಾರದ ಟೊಮೇಟೊ ಮಾರ್ಕೆಟ್ಟಿನ ಮಂಡಿಯೊಂದರಲ್ಲಿ ಹರಾಜು ಕೂಗ್ತಾನೆ. ಅಮ್ಮ ಅಂಗನವಾಡಿ ಟೀಚರ್. ಅಪ್ಪನ ತಾಯಿ, ನಮ್ಮಜ್ಜಿ, ಜಾರಿಬಿದ್ದು ಸೊಂಟ ಮುರ್ಕೊಂಡು ನಮ್ಮನೆಗೆ ಬರೋದು ಅಂತಾದಾಗ ಅಪ್ಪ ನೆಂಟರೆಲ್ಲರ ಎದುರು, "ಇವಳು ಕೆಲಸ ಬಿಡ್ತಾಳೆ, ನೋಡ್ಕೊಳ್ತಾಳೆ" ಅಂತ ಒಂದೇ ಉಸಿರಲ್ಲಿ ಹರಾಜು ಮುಗಿಸಿಬಿಟ್ಟ. ಅಮ್ಮನನ್ನು ಒಂದು ಮಾತು ಕೇಳಿರಲಿಲ್ಲ. ಅವತ್ತಿನಿಂದ ಅಮ್ಮ ಅವನ ಜೊತೆ ಮಾತು ಬಿಟ್ಟಳು. "ನಿಮ್ಮಪ್ಪಂಗೆ ಹೇಳು, ಸಾರು ಒಲೆ ಮೇಲಿದೆ." ಅದನ್ನ ಅವಳ ದನಿಯಲ್ಲೇ ನಾನು ತಲುಪಿಸ್ತಿದ್ದೆ. ಅಪ್ಪ ನಗೋನು, ಅಲ್ಲಿಗೆ ಎಲ್ಲ ಸರಿಹೋಯ್ತು ಅಂದ್ಕೊಳ್ಳೋನು. ಅಮ್ಮ ಆಂಧ್ರ ಗಡಿಯ ರಾಯಲ್ಪಾಡಿನ ತವರಿಗೆ ಹೋಗೋಕೆ ಬ್ಯಾಗ್ ತುಂಬೋದು ಕಂಡಾಗ ಮಾತ್ರ ಅವನ ನಗು ನಿಂತಿದ್ದು. ನಾನು ಕೌನ್ಸೆಲರ್‌ಗಳಿಗೆ ಫೋನ್ ಹಚ್ಚಿದ್ದೂ ಆಗಲೇ.

ಫೋನಲ್ಲಿ ತುಂಬಾ ನಕ್ಕ ಕೌನ್ಸೆಲರ್ ಕೋಲಾರದವರೇ. ಹೋದ್ವಿ. ಹೊರಗಿನ ಬೆಂಚಲ್ಲಿ ಕೂತಿದ್ದ ರೈತರೊಬ್ಬರು, "ಏನಣ್ಣಾ, ನೀನಿಲ್ಲಿ? ಇವತ್ತು ಬಾಕ್ಸ್ ಎಷ್ಟಕ್ಕೆ ಹೋಯ್ತು?" ಅಂದ್ರು. ಅಪ್ಪ ರೇಟು ಹೇಳಿ, ಗುರುತಿನವರ ಎದುರು ಮನೆಜಗಳ ಬೇಡ ಅಂತ ಬೈಕ್ ತಿರುಗಿಸಿದ.

ಆಮೇಲೆ ವೀಡಿಯೊ ಕಾಲಲ್ಲಿ ಬೆಂಗಳೂರಿನ ಮೇಡಂ. ಕನ್ನಡದಲ್ಲಿ ಕೇಳಿದರೆ ಅಮ್ಮ ಪೂರ್ತಿ ಟೀಚರ್: "ಪರವಾಗಿಲ್ಲ ಮೇಡಂ, ಚೆನ್ನಾಗಿದ್ದೀವಿ." ಅವಳಿಗೆ ಸಿಟ್ಟು ಬರೋದು ತೆಲುಗಲ್ಲಿ ಮಾತ್ರ. ಅದು ಬಂದಾಗ ಮಳೆಯ ಹಾಗೆ ಬಂತು. "ಏನಂದ್ರು?" ಅಂತ ಮೇಡಂ ಕೇಳಿದ್ದಕ್ಕೆ ನಾನು, "ಸ್ವಲ್ಪ ಬೇಜಾರಾಗಿದೆಯಂತೆ" ಅಂದೆ.

"ಲೇ, ನಾನಂದಿದ್ದು ಅಷ್ಟೇನಾ?" ಅಮ್ಮ ತೆಲುಗಲ್ಲೇ ಗದರಿ, ಫೋನ್ ಕಸಿದು ಕಟ್ ಮಾಡಿದಳು.

ಆಗ ನನಗೊಂದು ಕುತೂಹಲ ಹತ್ತಿತು. ಮರ್ಯಾದೆಗೊಂದು ಭಾಷೆ, ಸಿಟ್ಟಿಗೊಂದು ಭಾಷೆ ಇಟ್ಕೊಂಡಿರೋ ಮನೆ ನಮ್ಮದೊಂದೇನಾ? ಅಂಥ ಮನೆಯವರು ಯಾರ ಹತ್ರ ಹೋಗ್ತಾರೆ? ಮುಂದಿನ ಫೋನ್ ಶ್ರೀನಿವಾಸಪುರದ ಕೌನ್ಸೆಲರ್‌ಗೆ. ಈ ಸಲ ನಾನೇ ಪ್ರಶ್ನೆ ಕೇಳಿದೆ: ತೆಲುಗು ಬರುತ್ತಾ, ಹರಾಜು ಮುಗಿದ ಮೇಲೆ ಸಿಗ್ತೀರಾ, ಟೊಮೇಟೊ ಬೆಳೀತೀರಾ?

"ತೆಲುಗು ಬರುತ್ತೆ, ಸಿಗ್ತೀನಿ. ಟೊಮೇಟೊ ಇಲ್ಲ, ಮಾವಿದೆ. ನಡೆಯುತ್ತಾ?" ಅಂದ್ರು.

ಚಟ ಬಿಡಲಿಲ್ಲ, ಅಪ್ಪ ಅಮ್ಮನ ದನಿ ಮಾಡಿ ತೋರಿಸಿದೆ. ಅವರು ನಗಲಿಲ್ಲ. "ಚೆನ್ನಾಗಿ ಮಾಡ್ತೀಯಪ್ಪ. ಬರೋವಾಗ ಅವರವರ ದನಿ ಅವರವರೇ ತರಲಿ."

ಅವರ ರೂಮಲ್ಲಿ ಅಮ್ಮ ತೆಲುಗಲ್ಲಿ ಶುರುಮಾಡಿದಳು. ಬೆಳಗ್ಗೆ ಆ ಮಕ್ಕಳು ಬಾಗಿಲಲ್ಲಿ "ಟೀಚರ್" ಅಂತ ಕೂಗೋವಾಗ ಮಾತ್ರ ತಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ ಅಂದಳು. ಅದನ್ನ ನಾನು ಯಾವತ್ತೂ ಕೇಳಿರಲಿಲ್ಲ. ಇಷ್ಟು ವರ್ಷ ಅವಳ ದನಿ ಮಾಡಿದ್ದೀನಿ, ಆ ದನಿ ನನ್ನ ಹತ್ರ ಇರಲೇ ಇಲ್ಲ.

ಅಪ್ಪ ನೆಲ ನೋಡ್ತಾ ಗೊಣಗಿದ. "ಹಂಗಾದ್ರೆ ನಾನು ಬಿಡ್ಲಾ? ಮಂಡೀಲಿ ಕೂಗೋರ್ಯಾರು?"

ನನಗೆ ತಡೆಯೋಕಾಗಲಿಲ್ಲ. "ನಾನ್ನೂರು, ನಾನ್ನೂರು, ನಾನ್ನೂರಾ ಹತ್ತು... ಹಾಕ್ಕೊಳ್ಳಣ್ಣಾ!" ಅಂತ ಅಪ್ಪನ ಗಂಟಲಲ್ಲಿ ಕೂಗಿಬಿಟ್ಟೆ. ಅಪ್ಪ ಬಾಯಿ ಬಿಟ್ಕೊಂಡು, "ಲೇ, ಥೇಟ್ ನಾನೇ ಕಣೋ!" ಅಂದ.

ಅಜ್ಜಿ ಈಗ ನಮ್ಮನೇಲಿದ್ದಾಳೆ. ಬೆಳಗ್ಗೆ ನಾನು ನೋಡ್ಕೊಳ್ತೀನಿ, ಹರಾಜು ಮುಗಿದ ಮೇಲೆ ಅಪ್ಪ. ಅಮ್ಮ ಅಂಗನವಾಡಿಗೆ ಹೋಗ್ತಾಳೆ. ಉಳಿದ ಜಗಳಗಳಿಗೆ ಶ್ರೀನಿವಾಸಪುರದ ಬಸ್ಸು ಇನ್ನೂ ಹತ್ತುತ್ತಿದ್ದೀವಿ. ಆದರೆ ಕೆಲಸ ಬಿಡೋ ಮಾತು ಅವತ್ತೇ, ಆ ರೂಮಲ್ಲೇ ಮುಗೀತು. ನನ್ನ ಹರಾಜು ಕೇಳಿ, ಅಷ್ಟು ದಿನದ ಮೇಲೆ ಅಮ್ಮ ಅಪ್ಪನ ಕಡೆ ತಿರುಗಿ, ಕನ್ನಡದಲ್ಲೇ ಅಂದಿದ್ದು:

"ಕೇಳಿಸ್ಕೊಂಡ್ರಲ್ಲ? ನಿಮ್ಮ ಕೆಲಸಕ್ಕೆ ಇವನೇ ಸಾಕು. ನನ್ನ ಅಂಗನವಾಡಿ ಮಕ್ಕಳ ಮುಂದೆ ನನ್ನ ದನಿ ಮಾಡ್ಲಿ ನೋಡೋಣ, ಎಲ್ಲ ಎದ್ದು ಓಡೋಗ್ತವೆ. ಈಗ ಕೂಗಿ ಹೇಳ್ರಿ, ಕೆಲಸ ಬಿಡೋರು ಯಾರು?"