ಅಂಪೈರ್ ಸ್ಕೀಟ್ ದಂಪತಿಗಳ ರೆಸಾರ್ಟ್ ವಾಸ

ನಮ್ಮ ಡಾರ್ನ್‌ಲಿ ಸ್ಕೀಟ್ ಅಂಪೈರ್‌ಗಿರಿ ಬಿಟ್ಟು ವರ್ಷಗಳೇ ಆದವು. ಅಂಪೈರ್‌ಗಿರಿ ಮಾತ್ರ ಅವನನ್ನು ಬಿಟ್ಟಿಲ್ಲ. ಸಮುದ್ರದಲ್ಲಿ ಕುತ್ತಿಗೆವರೆಗೆ ಮುಳುಗಿ ನಿಂತಾಗಲೂ ಬಲಗೈಯ ತೋರುಬೆರಳು ನೀರಿನ ಮೇಲೇ ಇರುತ್ತದೆ, ಯಾವ ಗಳಿಗೆಯಲ್ಲಿ ಯಾರನ್ನು ಔಟ್ ಕೊಡಬೇಕಾಗಿ ಬರುತ್ತದೋ ಎಂಬಂತೆ. ಹೊಟ್ಟೆಪಾಡಿಗೆ ಅವನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿಗಳನ್ನು ತೂಗುತ್ತಿದ್ದ. ಅದನ್ನು ನೆನಪಿಸಿದರೆ ಅವನಿಗೆ ಆಗುವುದಿಲ್ಲ.

ಬಾರ್ಬಡೋಸಿನ ಪಶ್ಚಿಮ ದಂಡೆಯ ನಮ್ಮ ಊರಿನಲ್ಲಿ ತಲೆ ನರೆತವರೆಲ್ಲ ಬೆಳಕು ಹರಿಯುವ ಹೊತ್ತಿಗೆ ಸಮುದ್ರಸ್ನಾನಕ್ಕೆ ಇಳಿಯುತ್ತೇವೆ. ಸ್ನಾನ ಅನ್ನುವುದು ಹೆಸರಿಗಷ್ಟೆ. ಈಜುವವರು ಯಾರೂ ಇಲ್ಲ. ತಲೆಗೆ ಟೋಪಿ ಹಾಕಿಕೊಂಡು, ನೀರಲ್ಲಿ ನಿಂತು, ಬಿಸಿಲು ಚುರುಕಾಗುವವರೆಗೆ ಮಾತಾಡುತ್ತೇವೆ. ದೂರದಿಂದ ನೋಡಿದವರಿಗೆ ಟೋಪಿ ಹಾಕಿದ ತೆಂಗಿನಕಾಯಿಗಳು ಜಗಳವಾಡುತ್ತ ತೇಲುತ್ತಿವೆ ಎನ್ನಿಸಬೇಕು. ನಿಯಮ ಒಂದೇ: ನೀರಿಗೆ ಕಾಲಿಡುವ ಮೊದಲು ಎಲ್ಲರಿಗೂ ‘ಗುಡ್ ಮಾರ್ನಿಂಗ್’ ಹೇಳಬೇಕು. ಹೇಳದವನು ಎಷ್ಟೇ ದೊಡ್ಡ ಮನುಷ್ಯನಾದರೂ ನಮ್ಮ ಲೆಕ್ಕದಲ್ಲಿ ಕಾಲಿಗೆ ಸುತ್ತಿಕೊಳ್ಳುವ ಪಾಚಿಗೆ ಸಮ.

ಮೀನಿನ ದರ, ಪಾದ್ರಿಯ ಉಪದೇಶ, ಯಾರ ಬೇಲಿ ಯಾರ ಹಿತ್ತಿಲಿಗೆ ಸರಿದಿದೆ, ಎಲ್ಲ ಅಲ್ಲೇ ವಿಚಾರಣೆಯಾಗುತ್ತದೆ. ತೀರ್ಪು ಸ್ಕೀಟನದು. ಅವನ ಮಾತಿಗೆ ಈ ತೂಕ ಬಂದದ್ದು ಒಂದು ರನೌಟಿನಿಂದ. ಬಹಳ ಹಿಂದೆ, ಲೀಗಿನ ಫೈನಲ್ಲಿನಲ್ಲಿ, ಪಕ್ಕದೂರಿನ ಎದುರು ನಮ್ಮವರು ಇನ್ನೇನು ಗೆದ್ದರು ಅನ್ನುವಾಗ ಸ್ಕೀಟ್ ನಮ್ಮೂರಿನ ಸೆಫಸ್ ಬೊವೆಲ್‌ನನ್ನು ರನೌಟ್ ಎಂದು ಬೆರಳೆತ್ತಿದ. ನಾವು ಸೋತೆವು. ಊರಿಗೆ ಊರೇ ಅವನಿಗೆ ಶಾಪ ಹಾಕಿತು. ಸಿಟ್ಟು ಇಳಿದ ಮೇಲೆ ಅದೇ ಊರು, ‘ಸ್ವಂತ ಊರಿನವನನ್ನೇ ಔಟ್ ಕೊಟ್ಟ ಗಂಡಸು, ಸತ್ಯ ಅಂದ್ರೆ ಸ್ಕೀಟ್’ ಎಂದು ತಲೆಯ ಮೇಲೆ ಕೂರಿಸಿಕೊಂಡಿತು. ಅವನು ಆಮೇಲೆ ಅಲ್ಲಿಂದ ಇಳಿಯಲಿಲ್ಲ. ಮೀನು ಮಾರುವ ಸೆಫಸ್ ಮಾತ್ರ ಇಂದಿಗೂ ದಿನಕ್ಕೊಮ್ಮೆ, ‘ನನ್ನ ಬ್ಯಾಟು ಕ್ರೀಸಿನ ಒಳಗಿತ್ತು’ ಅನ್ನದೆ ನೀರಿನಿಂದ ಏಳುವುದಿಲ್ಲ.

ಸ್ಕೀಟನ ಹೆಂಡತಿ ಯೂಲಾಲಿ ಸ್ನಾನಕ್ಕೆ ಬರುವವಳಲ್ಲ. ಸಮುದ್ರ ಕಂಡರೆ ಆಗದೆಂದಲ್ಲ. ಗಂಡ ನೀರಿನಿಂದೆದ್ದು ಬರುವ ಹೊತ್ತಿಗೆ ಮನೆಯಲ್ಲಿ ಉಪ್ಪುಮೀನು, ಕರಿದ ರೊಟ್ಟಿ ಯಾರಾದರೂ ಮಾಡಿಟ್ಟಿರಬೇಕಲ್ಲ. ಬಂದವನು ತಿನ್ನುತ್ತಾನೆ, ಪೇಪರ್ ಹಿಡಿಯುತ್ತಾನೆ, ನಿದ್ದೆ ಹೋಗುತ್ತಾನೆ.

‘ಮಾತೆಲ್ಲ ನೀರಲ್ಲೇ ಬಿಟ್ಟು ಬರ್ತಾನೆ ಕಣೇ ವೆರೋನಾ. ಮನೆಗೆ ಬರೋದು ಬರೀ ಒದ್ದೆ ಟವಲ್ಲು,’ ಎಂದು ಅವಳು ಗೆಳತಿ ವೆರೋನಾ ಗಿಟ್ಟೆನ್ಸ್ ಹತ್ತಿರ ಹೇಳಿಕೊಳ್ಳುತ್ತಿದ್ದಳು. ವೆರೋನಾಗೆ ಹೇಳಿದ್ದು ನಮಗೆಲ್ಲ ಹೇಳಿದ ಹಾಗೆಯೇ.

ಹೀಗಿರುವಾಗ ಚರ್ಚಿನ ಸುಗ್ಗಿ ಹಬ್ಬದ ಲಾಟರಿಯಲ್ಲಿ ಯೂಲಾಲಿಗೆ ಮೊದಲ ಬಹುಮಾನ ಬಂತು. ನಮ್ಮ ಬೀಚಿಗೆ ಅಂಟಿಕೊಂಡಂತೆ ನಿಂತಿರುವ ಗುಲಾಬಿ ಬಣ್ಣದ ದೊಡ್ಡ ರೆಸಾರ್ಟಿನಲ್ಲಿ ದಂಪತಿಗಳಿಗೆ ಎರಡು ರಾತ್ರಿಯ ವಾಸ, ಊಟ ಉಪಚಾರವೆಲ್ಲ ಸೇರಿ. ಜಗತ್ತಿನ ಶ್ರೀಮಂತರು ವಿಮಾನದಲ್ಲಿ ಹಾರಿ ಬರುವ ಜಾಗ. ಸ್ಕೀಟನ ಮನೆಯಿಂದ ರಸ್ತೆ ದಾಟಿದರೆ ಗೇಟು.

ಯೂಲಾಲಿ ಗಂಡನಿಗೆ ಷರತ್ತು ಹಾಕಿದಳು. ‘ನೋಡು ಸ್ಕೀಟ್, ಆ ಎರಡು ದಿನ ನೀನು ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ನಾನು ಮಾಡದೇ ಇರೋ ತಿಂಡಿ ನನ್ನ ಮುಂದೆ ಬರ್ಬೇಕು. ಎದುರಿಗೆ ನೀನು ಕೂತು ನನ್ನ ಜೊತೆ ಮಾತಾಡ್ಬೇಕು. ನಂಗೆ ಬೇಕಾಗಿರೋದು ಅಷ್ಟೇ.’

‘ಏನು ಮಾತಾಡ್ಲಿ?’

‘ಅದನ್ನ ನಿನ್ನ ನೀರಲ್ಲೇ ನಿಂತು ಯೋಚ್ನೆ ಮಾಡ್ಕೊಂಡು ಬಾ.’

ಮಾರನೆಯ ದಿನ ನೀರಲ್ಲಿ ಅವನು ಯೋಚಿಸಲಿಲ್ಲ, ಘೋಷಿಸಿದ. ‘ವಾರಾಂತ್ಯಕ್ಕೆ ನಾನಿರಲ್ಲ. ರೆಸಾರ್ಟಿಗೆ ಹೋಗ್ತಿದೀವಿ. ನಿಮ್ಮ ನಿಮ್ಮ ಜಗಳ ಸೋಮವಾರದವರೆಗೂ ಇಟ್ಕೊಂಡಿರಿ.’

‘ಓಹೋ! ನಾವು ಇಲ್ಲಿ ಕೈ ಎತ್ತಿದ್ರೆ ನೀನು ಅಲ್ಲಿಂದ ಗುರುತು ಹಿಡೀತೀಯೋ ಇಲ್ವೋ?’ ಎಂದ ಸೆಫಸ್.

‘ಅತಿಥಿಗಳು ಬೀಚಿನಲ್ಲಿರೋರ ಜೊತೆ ಮಾತಾಡೋ ಪದ್ಧತಿ ಇಲ್ಲ,’ ಎಂದ ಸ್ಕೀಟ್ ಗಂಭೀರವಾಗಿ.

ಶುಕ್ರವಾರ ಅವನು ರಸ್ತೆ ದಾಟಲು ಟ್ಯಾಕ್ಸಿ ತರಿಸಿದ. ಪೆಟ್ಟಿಗೆ ಹೊತ್ತು ನಡೆದು ಹೋಗುವುದು ಅತಿಥಿಗೆ ಶೋಭಿಸುವುದಿಲ್ಲವಂತೆ. ಡ್ರೈವರ್ ನಗು ತಡೆಯಲಾರದೆ, ಇಷ್ಟಕ್ಕೆ ದುಡ್ಡು ತೆಗೆದುಕೊಂಡರೆ ನನ್ನ ತಾಯಿ ಬೈಯುತ್ತಾಳೆ ಎಂದು ಹೊರಟುಹೋದ. ರೂಮು ಮೊದಲ ಮಹಡಿಯಲ್ಲಿ, ಬಾಲ್ಕನಿ ಸರಿಯಾಗಿ ನಮ್ಮ ನೀರಿನ ಎದುರಿಗೆ. ಬಚ್ಚಲಿನಲ್ಲಿ ನೇತುಹಾಕಿದ್ದ ಉದ್ದನೆಯ ಬಿಳಿ ನಿಲುವಂಗಿ ಕಂಡು ಸ್ಕೀಟನ ಕಣ್ಣು ಹೊಳೆಯಿತು. ಥೇಟ್ ಅಂಪೈರ್ ಕೋಟು. ಊಟಕ್ಕೆ ಹೋಗುವಾಗ ಬಿಟ್ಟರೆ ಅದನ್ನು ಮೈಯಿಂದ ತೆಗೆಯಲಿಲ್ಲ.

ವೆರೋನಾಳ ತಂಗಿಯ ಮಗಳು ರೋಶೆಲ್ ಅಲ್ಲಿ ಬಡಿಸುವ ಕೆಲಸದವಳು. ಶನಿವಾರ ಬೆಳಿಗ್ಗೆ ತಿಂಡಿಯ ಹಾಲ್‌ನಲ್ಲಿ ನಡೆದದ್ದನ್ನು ಅವಳ ಬಾಯಿಂದಲೇ ಕೇಳಬೇಕು. ಸ್ಕೀಟ್ ಕೋಟು, ಟೈ ತೊಟ್ಟು ಒಳಗೆ ಬಂದವನೇ ಬಾಗಿಲಲ್ಲಿ ನಿಂತು ‘ಗುಡ್ ಮಾರ್ನಿಂಗ್’ ಎಂದ. ಯಾರೂ ತಲೆಯೆತ್ತಲಿಲ್ಲ. ಚಡ್ಡಿಯಲ್ಲಿ ಕೂತಿದ್ದ ಪರದೇಶದ ಜೋಡಿಗಳು ಬೆಣ್ಣೆ ಸವರುತ್ತಲೇ ಇದ್ದವು. ನಮ್ಮಲ್ಲಿ ಅಂಗಡಿಗೆ, ಬಸ್ಸಿಗೆ, ಡಾಕ್ಟರ ಕೋಣೆಗೆ, ಎಲ್ಲಿಗೇ ಹೋದರೂ ಇದು ಮೊದಲ ಮಾತು; ಮರುಮಾತು ಬರದಿದ್ದರೆ ಕೆನ್ನೆಗೆ ಹೊಡೆದ ಹಾಗೆ. ಸ್ಕೀಟ್ ಕೆನ್ನೆ ಸವರಿಕೊಂಡು ಹಿಂತಿರುಗುವ ಜಾತಿಯವನಲ್ಲ. ಒಂದೊಂದೇ ಮೇಜಿಗೆ ಹೋಗಿ, ಬಾಗಿ, ‘ಗುಡ್ ಮಾರ್ನಿಂಗ್’ ಹೇಳಿ, ಉತ್ತರ ವಸೂಲಿ ಮಾಡಿಕೊಂಡು ಮುಂದಿನ ಮೇಜಿಗೆ ನಡೆದ. ಕೆಲವರು ಅವನನ್ನು ಮ್ಯಾನೇಜರ್ ಅಂದುಕೊಂಡು ಮೊಟ್ಟೆ ಸರಿಯಾಗಿ ಬೆಂದಿಲ್ಲ ಎಂದು ದೂರು ಕೊಟ್ಟರು. ಬಿಸಿಲಿಗೆ ಸೀಗಡಿಯಂತೆ ಕೆಂಪಾದವನೊಬ್ಬ ಫೋನಿನಿಂದ ಕಣ್ಣು ತೆಗೆಯಲೊಲ್ಲ. ಸ್ಕೀಟ್ ಅವನ ಪಕ್ಕದಲ್ಲೇ ಕೈಕಟ್ಟಿ ನಿಂತು, ಸ್ವರ ಏರಿಸುತ್ತ ಹೋದ. ಕೊನೆಗೆ ಆ ಪ್ರಾಣಿ ಬೆಚ್ಚಿಬಿದ್ದು ‘ಗುಡ್ ಮಾರ್ನಿಂಗ್, ಸರ್!’ ಅಂದಾಗ ಅವನ ಹೆಂಡತಿಯೇ ಚಪ್ಪಾಳೆ ತಟ್ಟಿದಳಂತೆ.

ಗೆದ್ದ ಕಳೆಯಲ್ಲಿ ಬಂದು ಕೂತರೆ ಯೂಲಾಲಿಯ ತಿಂಡಿ ಅರ್ಧ ಮುಗಿದಿತ್ತು.

‘ಇಡೀ ಹಾಲ್‌ಗೆ ಹೇಳಿದೆ. ನಂಗೊಂದು ಹೇಳ್ಲಿಲ್ಲ,’ ಎಂದಳು.

‘ನಿಂಗೆ ರೂಮಲ್ಲೇ ಹೇಳಿದ್ನಲ್ಲ!’

‘ಅದು ಕನ್ನಡಿಗೆ ಹೇಳಿದ್ದು. ಟೈ ಕಟ್ಕೋತಾ.’

ಸ್ಕೀಟ್ ಪಪ್ಪಾಯಿ ಹೋಳಿಗೆ ಫೋರ್ಕು ಚುಚ್ಚಿದ. ಮಾತು ಹುಡುಕಿದ. ‘ಪಪ್ಪಾಯಿ ಚೆನ್ನಾಗಿದೆ,’ ಎಂದ. ‘ಹೂಂ,’ ಎಂದಳು. ಅಲ್ಲಿಗೆ ಅವತ್ತಿನ ಸಂಭಾಷಣೆ ಮುಗಿಯಿತು.

ಉಳಿದವರೊಡನೆ ಅವನಿಗೆ ಮಾತಿಗೇನೂ ಬರವಿರಲಿಲ್ಲ. ಶನಿವಾರ ಮಧ್ಯಾಹ್ನ, ಊರಿನ ಮನೆಮನೆಯಲ್ಲೂ ಮಾಡುವ ಗೆಣಸಿನ ಪುಡಿಂಗು, ನಿಂಬೆಹುಳಿಯ ಹಂದಿ ಕಾಲು ಇಲ್ಲದ ಊಟ ಯಾವ ಸೀಮೆಯ ಊಟ ಎಂದು ಬಾಣಸಿಗನಿಗೆ ಭಾಷಣ ಕೊಟ್ಟ. ಗೇಟಿನ ಕಾವಲುಗಾರನಿಗೆ ಎಲ್‌ಬಿಡಬ್ಲ್ಯೂ ನಿಯಮ ವಿವರಿಸಿದ. ಹೆಂಡತಿಯ ಪಕ್ಕದ ಆರಾಮ ಕುರ್ಚಿಗೆ ಬಂದ ಕೂಡಲೇ ಬಾಯಿಗೆ ಬೀಗ, ಕಣ್ಣಿಗೆ ನಿದ್ದೆ. ಸಂಜೆ ಅವಳು ಸಿಟ್ಟಿಲ್ಲದೆ, ತಣ್ಣಗೆ ಹೇಳಿದಳಂತೆ:

‘ನಾಳೆ ಬೆಳಿಗ್ಗೆ ನೀನು ನೀರಿಗೆ ಹೋಗು ಸ್ಕೀಟ್. ನಾನೊಬ್ಳೇ ತಿಂತೀನಿ. ಇಷ್ಟು ವರ್ಷ ಒಂದೇ ಮನೇಲಿದ್ದು ನಮಗೆ ಮಾತೇ ಇಲ್ಲ ಅಂತ ಗೊತ್ತಾಯ್ತಲ್ಲ, ಸಾಕು.’

ಈ ಮಾತು ಸ್ಕೀಟನಿಗೆ ನಾಟಿತು. ಭಾನುವಾರ ನಾವು ನೀರಿಗಿಳಿದಾಗ ಅವನು ಬಿಳಿ ನಿಲುವಂಗಿಯಲ್ಲಿ ಬಾಲ್ಕನಿಯಲ್ಲಿದ್ದ. ಎದುರಿಗೆ ಯೂಲಾಲಿ, ನಡುವೆ ರೋಶೆಲ್ ತಂದಿಟ್ಟ ತಿಂಡಿ. ನೀರಿಗೆ ಹೋಗು ಎಂದರೂ ಹೋಗದೆ ಗಟ್ಟಿಯಾಗಿ ಕೂತಿದ್ದ. ಮಾತು ಮಾತ್ರ ಹುಟ್ಟುತ್ತಿರಲಿಲ್ಲ. ಬೆಳಗಿನ ಸಮುದ್ರ ಎಣ್ಣೆಯ ಹಾಗೆ ಸುಮ್ಮನಿರುತ್ತದೆ, ಪಿಸುಮಾತೂ ದಡ ಮುಟ್ಟುತ್ತದೆ, ದಡದ ಮಾತೂ ನಮ್ಮ ಕಿವಿಗೆ ಬೀಳುತ್ತದೆ. ಸೆಫಸನಿಗೆ ಇದು ಗೊತ್ತು. ಟೋಪಿ ಸರಿಮಾಡಿಕೊಂಡು ಗಂಟಲೆತ್ತಿದ.

‘ಇವತ್ತು ಅಂಪೈರ್ ಇಲ್ಲ ಕಣ್ರಪ್ಪಾ! ಇವತ್ತಾದ್ರೂ ಸತ್ಯ ಹೇಳ್ಬಹುದು. ನನ್ನ ಬ್ಯಾಟು ಕ್ರೀಸಿನ ಒಳಗಿತ್ತು!’

‘ಮೆಲ್ಲಗೆ ಹೇಳೋ, ಮೇಲೆ ದೊಡ್ಡೋರು ತಿಂಡಿ ತಿಂತಿದಾರೆ,’ ಎಂದಳು ವೆರೋನಾ, ಇನ್ನೂ ಜೋರಾಗಿ.

‘ತಿನ್ಲಿ ಬಿಡು. ಅವತ್ತು ಬೌಲರ್ ಅಡ್ಡ ಬಂದಿದ್ದ, ನಮ್ಮ ಸ್ಕೀಟಿಗೆ ಕಂಡಿದ್ದು ಬೌಲರನ ಅಂಡು ಮಾತ್ರ!’

ಬಾಲ್ಕನಿಯಲ್ಲಿ ಸ್ಕೀಟ್ ಎದ್ದು ನಿಂತ. ಬೆರಳು ತಾನಾಗಿಯೇ ಮೇಲೆದ್ದಿತ್ತು. ಇಳಿದೇ ಬಂದ ಎಂದು ನಾವೆಲ್ಲ ಕಾದೆವು. ಅವನು ನಮ್ಮನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಕೂತ. ಒಳಗೆ ಕುದಿಯುತ್ತಿದ್ದುದನ್ನೆಲ್ಲ ಯಾರಿಗಾದರೂ ಹೇಳಲೇಬೇಕಿತ್ತು. ಇದ್ದವಳು ಯೂಲಾಲಿ.

‘ಕೇಳಿದ್ಯಾ ಆ ಮೀನಿನವನ ಮಾತು? ಇಲ್ನೋಡು,’ ಎಂದು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ನಿಲ್ಲಿಸಿದ. ‘ಇದು ವಿಕೆಟ್ಟು. ಈ ಚಾಕು ಕ್ರೀಸು. ನಾನು ಇಲ್ಲಿ, ಜಾಮಿನ ಹತ್ರ. ಸೆಫಸ್ ಈ ಕಡೆಯಿಂದ ಓಡಿ ಬಂದ...’ ಮೊಟ್ಟೆಯೊಂದು ಚೆಂಡಾಗಿ ಮೇಜಿನ ಮೇಲೆ ಉರುಳಿತು. ಅವನ ಸ್ವರ ಏರಿತು, ಕೈ ಕಾಲು ಆಡಿದವು. ಬೇಲ್ಸ್ ಬಿದ್ದವು, ಬೆರಳೆತ್ತಿದ್ದಾಯಿತು. ‘ಈಗ ನೀನೇ ಹೇಳು ಯೂಲಾ. ಔಟೋ ಅಲ್ವೋ?’

ಯೂಲಾಲಿ ಚಾಕುವನ್ನು ಒಂಚೂರು ಈಚೆಗೆ ಸರಿಸಿದಳು.

‘ನಾಟೌಟ್,’ ಎಂದಳು.

ನೀರಿನಲ್ಲಿದ್ದ ಟೋಪಿಗಳೆಲ್ಲ ಬಾಲ್ಕನಿಯತ್ತ ತಿರುಗಿದವು.

‘ಏನಂದೆ?’

‘ಬ್ಯಾಟು ಒಳಗಿತ್ತು. ನಾನು ಅವತ್ತು ಮೀನಿನ ವಡೆ ಡಬ್ಬಿ ಇಟ್ಕೊಂಡು ಸರಿಯಾಗಿ ಗೆರೆ ನೇರಕ್ಕೇ ಕೂತಿದ್ದೆ. ಒಂದು ಗೇಣು ಒಳಗಿತ್ತು. ಬೌಲರ್ ನಿಂಗೆ ಅಡ್ಡ ಇದ್ದ. ಅಂಡಿನ ವಿಷ್ಯದಲ್ಲೂ ಸೆಫಸ್ ಹೇಳಿದ್ದು ನಿಜವೇ.’

ಸ್ಕೀಟ್ ಕೂತಲ್ಲೇ ಕುಗ್ಗಿದ. ಅವನ ಸತ್ಯಸಂಧತೆಯ ಇಡೀ ಗೋಪುರ ನಿಂತದ್ದು ಆ ಒಂದು ಬೆರಳಿನ ಮೇಲೆ. ‘ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?’

‘ನೀನು ಕೇಳಿದ್ಯಾ? ಅವತ್ತು ಮನೆಗೆ ಬಂದಾಗ ಊರೆಲ್ಲ ಬೈದಿತ್ತು, ನಿನ್ನ ಮುಖ ಮಾತ್ರ ಮದುಮಗನ ಥರ ಹೊಳೀತಿತ್ತು. ಅಷ್ಟು ಖುಷೀಲಿ ಬೈಸ್ಕೊಂಡು ಬಂದೋನಿಗೆ ಏನಂತ ಹೇಳ್ಲಿ? ಆಮೇಲೆ ಊಟ ಮಾಡಿದೆ, ಮಲಗಿದೆ. ಎದ್ದ ಮೇಲೆ ಇವತ್ತಿನವರೆಗೂ ನೀನು ನನ್ನ ಏನೂ ಕೇಳಿಲ್ಲ.’

ಸ್ಕೀಟ್ ಚಾಕುವನ್ನು ಅವಳು ಸರಿಸಿಟ್ಟಲ್ಲೇ ಬಿಟ್ಟ. ಮತ್ತೆ ಎದ್ದ. ನಿಲುವಂಗಿಯ ಸೊಂಟಪಟ್ಟಿ ಬಿಗಿದು ಬಾಲ್ಕನಿಯ ಕಂಬಿಗೆ ಬಂದ. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಪರದೇಶದ ಜೋಡಿಗಳೂ ಕಣ್ಣುಜ್ಜುತ್ತ ಬಂದು ನಿಂತಿದ್ದವು. ಸ್ಕೀಟ್ ಸಮುದ್ರದ ಕಡೆಗೆ ತಿರುಗಿ, ಮೈದಾನದ ಕೊನೆಯವನಿಗೂ ಕೇಳಿಸುವ ಹಳೆಯ ಗಂಟಲಿನಲ್ಲಿ ಕೂಗಿದ:

‘ಸೆಫಸ್ ಬೊವೆಲ್! ನಾಟೌಟ್!’

ಸೆಫಸ್ ಗೆದ್ದೆನೆಂದು ಕುಣಿಯುತ್ತಾನೆ ಎಂದುಕೊಂಡಿದ್ದೆವು. ಅವನು ಟೋಪಿ ತೆಗೆದು ನೀರಿನಲ್ಲಿ ಅದ್ದಿ ಮತ್ತೆ ತಲೆಗಿಟ್ಟುಕೊಂಡ. ಮುಖ ಬೆಪ್ಪಾಗಿತ್ತು. ‘ಈಗ ನಾನೇನ್ ಮಾಡ್ಲಿ?’ ಎಂದ ಮೆಲ್ಲಗೆ. ‘ದಿನಾ ಬೆಳಿಗ್ಗೆ ಏಳ್ತಿದ್ದಿದ್ದೇ ಆ ಔಟಿಗೋಸ್ಕರ.’

‘ಬ್ಯಾಟ್ ತಗೊಂಡು ಹೋಗೋ, ನಿನ್ನ ಇನಿಂಗ್ಸ್ ಬಾಕಿ ಇದೆ,’ ಎಂದಳು ವೆರೋನಾ.

‘ಅಯ್ಯೋ, ಮೊಣಕಾಲು ಬಿಡ್ಬೇಕಲ್ಲ ತಾಯಿ.’

ಮೇಲೆ ಸ್ಕೀಟ್ ಕುರ್ಚಿಯನ್ನು ಎಳೆದು ಹೆಂಡತಿಯ ಪಕ್ಕಕ್ಕೆ ಹಾಕಿಕೊಂಡಿದ್ದ. ಬೆನ್ನು ನಮ್ಮ ಕಡೆಗೆ. ಅವನ ಪ್ರಶ್ನೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು:

‘ಯೂಲಾ, ಮತ್ತೆ ಇನ್ನೇನೇನು ನೋಡಿದೀಯ ನೀನು?’

ಅವಳು ಇಬ್ಬರಿಗೂ ಟೀ ಬಗ್ಗಿಸಿದಳು. ಸಕ್ಕರೆ ಹಾಕಿ, ಕಲಕಿ, ಅವನ ಕೈಗೆ ಕೊಟ್ಟಳು. ‘ಎಲ್ಲಿಂದ ಶುರು ಮಾಡ್ಲಿ? ನಮ್ಮ ಮದುವೆ ದಿನದಿಂದಾನೇ ಹೇಳ್ತೀನಿ, ಕೂತ್ಕೋ. ಅವತ್ತು ನಿಮ್ಮಮ್ಮ ಕೇಕಿನ ಹಿಂದೆ ನಿಂತ್ಕೊಂಡು...’

ನಾವೆಲ್ಲ ಒಂದು ಹೆಜ್ಜೆ ದಡದ ಕಡೆಗೆ ಸರಿದೆವು. ಅಷ್ಟರಲ್ಲಿ ದಡದಿಂದ ಬರುತ್ತಿದ್ದ ಗಾಳಿ ತಿರುಗಿ ಸಮುದ್ರದ ಕಡೆಯಿಂದ ಬೀಸತೊಡಗಿತು. ಮಾತೆಲ್ಲ ಅತ್ತಲೇ ಹೋಯಿತು. ಸ್ಕೀಟ್ ತಲೆಯ ಮೇಲೆ ಕೈಹೊತ್ತದ್ದು ಕಂಡಿತು. ಆಮೇಲೆ ಇಬ್ಬರ ಹೆಗಲೂ ನಗೆಯಿಂದ ಕುಲುಕುವುದು ಕಂಡಿತು. ಕೇಕಿನ ಹಿಂದೆ ಏನಾಯಿತೆಂದು ವೆರೋನಾ ಆಮೇಲೆ ಎಷ್ಟು ಕೆದಕಿದರೂ ಯೂಲಾಲಿ ಬಾಯಿ ಬಿಡಲಿಲ್ಲ. ಅದು ಗಂಡ ಹೆಂಡಿರ ಮಾತಂತೆ.