ಅಕ್ಕನ ಹಸುವಿನ ನಾಲಿಗೆಯ ಚೂರು

ನನ್ನ ಕೆಲಸ ಏನೆಂದು ಕೇಳಿದವರಿಗೆ 'ಲ್ಯಾಬು' ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಬಿಡಿಸಿ ಹೇಳಿದರೆ ಜನ ಮುಖ ಸಿಂಡರಿಸುತ್ತಾರೆ. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮರಿಯಿಂದ ಯಾವುದೋ ಕಾಲದಲ್ಲಿ ತೆಗೆದ ಕಿಡ್ನಿಯ ಜೀವಕೋಶಗಳು ಇವತ್ತಿಗೂ ಸಾಯದೆ ಬಾಟಲಿಗಳಲ್ಲಿ ಬೆಳೆಯುತ್ತಲೇ ಇವೆ. ಅವಕ್ಕೆ ಹೊತ್ತುಹೊತ್ತಿಗೆ ಆಹಾರ ಹಾಕಿ, ಬೆಚ್ಚಗಿಟ್ಟು, ಬಾಟಲಿಯ ತಳದ ತುಂಬ ಹಬ್ಬಿಸುವುದು. ಚೆನ್ನಾಗಿ ಹಬ್ಬಿದವು ಅನ್ನುವಾಗ ದನಗಳ ಕಾಲುಬಾಯಿ ರೋಗದ ವೈರಸ್ಸನ್ನು ಅವುಗಳ ಮೇಲೆ ಬಿಡುವುದು. ಕೋಶಗಳು ಸಾಯುತ್ತವೆ, ವೈರಸ್ ಬೆಳೆಯುತ್ತದೆ, ಆ ವೈರಸ್ಸನ್ನು ಕೊಂದು ಲಸಿಕೆ ಮಾಡುತ್ತಾರೆ. ಸಾಕುವುದೂ ನಾನೇ, ಸಾಯಿಸುವುದೂ ನಾನೇ. ಯಲಹಂಕ ದಾಟಿದ ಮೇಲೆ ಸಿಗುವ ಕಟ್ಟಡವೊಂದರಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದಿದ್ದೇನೆ.

ಈ ವೈರಸ್ ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೆ ನಮ್ಮ ಮೂಗಿನಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ಕೂತು ಊರೂರು ತಿರುಗಬಲ್ಲದು. ಅದಕ್ಕೇ ನಮ್ಮಲ್ಲೊಂದು ನಿಯಮ. ಹೊರಬರುವಾಗ ತಲೆಗೂ ಸೇರಿಸಿ ಸ್ನಾನ ಮಾಡಬೇಕು, ಒಳಗಿನ ಬಟ್ಟೆ ಒಳಗೇ ಬಿಡಬೇಕು, ಅಷ್ಟಾದರೂ ಒಂದು ವಾರ ದನಕರುಗಳ ಹತ್ತಿರ ಸುಳಿಯಬಾರದು. ನನ್ನ ಜೊತೆಯವರಿಗೆ ಇದೊಂದು ಕಷ್ಟವೇ ಅಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ದನ ಎಲ್ಲಿ ಸಿಗಬೇಕು? ನನ್ನ ತವರು ಮಾತ್ರ ಬಾಗಲೂರಿನ ಹತ್ತಿರ, ಕೊಟ್ಟಿಗೆಗೆ ಅಂಟಿಕೊಂಡ ಮನೆ.

ಅವ್ವ ಹೋದ ಮೇಲೆ ನನ್ನನ್ನು ಓದಿಸಿ, ಮದುವೆ ಮಾಡಿ ಕಳಿಸಿದವಳು ಅಕ್ಕ. ಸುತ್ತಲಿನ ಹೊಲಗಳೆಲ್ಲ ಲೇಔಟ್ ಆದರೂ ಅವಳು ಹಸು ಬಿಡಲಿಲ್ಲ. ಡೈರಿಗೆ ಹಾಲು ಹಾಕಿ ಬಂದರೇ ಅವಳಿಗೆ ಬೆಳಗಾದಂತೆ. ಅವಳನ್ನು ನೋಡಬೇಕೆಂದರೆ ನಾನು ಮೊದಲು ಒಂದು ವಾರ ರಜೆ ಹಾಕಿ ಮನೆಯಲ್ಲಿ ಕೂರಬೇಕು. ಹಾಗಾಗಿ ಹೋಗುವುದೇ ಅಪರೂಪ. ನೆಂಟರು, ಇವಳಿಗೆ ಸಗಣಿ ವಾಸನೆ ಆಗಲ್ಲವಂತೆ, ದೊಡ್ಡ ಮನುಷ್ಯಳಾದಳು ಎಂದು ಆಡಿಕೊಂಡರು. ಅಕ್ಕ ಹಾಗೆ ಅನ್ನಲಿಲ್ಲ. ನನ್ನ ನಿಯಮವನ್ನು ಅವಳು ಸೂತಕದ ಲೆಕ್ಕಕ್ಕೆ ಹಾಕಿಕೊಂಡಿದ್ದಳು. ಸೂತಕದವರು ಮುಟ್ಟಬಾರದು, ಅಷ್ಟೇ. ಉಳಿದವರಿಂದ ಭಯವಿಲ್ಲ.

ಅವಳು ಹಳೆಮನೆಯ ಪಕ್ಕದಲ್ಲೇ ಹೊಸಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ವಾರ ಮೊದಲೇ ರಜೆ ಹಾಕಿ, ನಿಯಮದಂತೆ ಕಾದು ಹೋದೆ. ಮನೆಯೊಳಗೆ ನುಗ್ಗಿಸಲು ಬಾಡಿಗೆಯ ಹಸು ಕರು ಟೆಂಪೋದಲ್ಲಿ ಬಂದವು. ನಮ್ಮ ಕಡೆ ಈಗ ಇದೇ ರೂಢಿ. ಕೊಂಬಿಗೆ ಬಣ್ಣ ಬಳಿದು, ಬೆನ್ನಿಗೆ ಜರಿ ಬಟ್ಟೆ ಹೊದಿಸಿದ ಆ ಬಡಪಾಯಿಗಳು ಮುಹೂರ್ತದ ಕಾಲದಲ್ಲಿ ಎಷ್ಟು ಮನೆ ಹೊಕ್ಕು ಬರುತ್ತವೋ ದೇವರೇ ಬಲ್ಲ. ಅಕ್ಕನ ಕೆಂದು ಹಸು ಗಬ್ಬವಾಗಿತ್ತು, ಮೆಟ್ಟಿಲು ಹತ್ತಿಸುವುದು ಬೇಡವೆಂದು ಹೀಗೆ ಮಾಡಿರಬೇಕು ಅಂದುಕೊಂಡೆ. ನಾನು ಒಳಗೆ ಹೋಳಿಗೆ ಬಡಿಸುತ್ತಿದ್ದಾಗ, ಬಂದ ಹಸು ಕರುವನ್ನು ಅಕ್ಕನ ಕೊಟ್ಟಿಗೆಯಲ್ಲೇ ಕಟ್ಟಿ, ಅವಳ ಹಸುಗಳ ಬಾನಿಯಲ್ಲೇ ಬೂಸ ಕಲಸಿ ಇಟ್ಟಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ನಾನು ಕೆಲಸಕ್ಕೆ ಮರಳಿ ಕೆಲವು ದಿನಗಳಾಗಿರಬೇಕು, ಅಕ್ಕನ ಫೋನ್ ಬಂತು. ಹಸುಗಳ ಬಾಯಲ್ಲಿ ಜೊಲ್ಲು ಸುರಿಯುತ್ತಿದೆ, ಕಾಲು ಊರುತ್ತಿಲ್ಲ ಅಂದಳು. ಕಾಲುಬಾಯಿಯೇ ಎಂದು ಕೇಳುತ್ತಲೇ ಗೊತ್ತಾಯಿತು. ಗಬ್ಬ ಹೋಗಿಬಿಡುತ್ತದೆಂದು ಹೆದರಿ ಅವಳು ಆ ಸಲದ ಲಸಿಕೆ ಹಾಕಿಸಿರಲಿಲ್ಲ. ವೈರಸ್ಸಿನ ನಡುವೆಯೇ ಇದ್ದವಳು ನಾನು, ಊರಿಗೆ ಓಡಿಹೋಗುವಂತೆಯೂ ಇಲ್ಲ. ಊರಿನಲ್ಲಿ ಆಗಲೇ ಮಾತು ಶುರುವಾಗಿತ್ತು. ಆ ರೋಗದ ಜೊತೆಯೇ ಬಾಳುವ ತಂಗಿ ಬಂದು ಹೋದಳು, ಕೊಟ್ಟಿಗೆ ಮಲಗಿತು.

"ನಿಜ ಏಳು. ನೀನ್ ತಂದ್ಯಾ?" ಎಂದಳು ಅಕ್ಕ.

ಇಲ್ಲ ಅಂದೆ. ಅವಳು ಫೋನ್ ಇಟ್ಟಳು. ಆಮೇಲೆ ನಾನು ಮಾಡಿದರೆ ಎತ್ತಲಿಲ್ಲ. ಹೆತ್ತವಳಂತೆ ಸಾಕಿದವಳು ನನ್ನನ್ನು ನಂಬದೆ ಹೋದರೆ ನಾನು ಯಾರ ಮುಖ ನೋಡಲಿ? ನಿಯಮ ಒಂದಿಷ್ಟೂ ತಪ್ಪಿರಲಿಲ್ಲ, ಆಣೆಯಿಟ್ಟು ಹೇಳಬಲ್ಲೆ. ಆದರೂ ಚಪ್ಪಲಿ ಹಾಕುವಾಗಲೆಲ್ಲ, ಇದರಲ್ಲೇನಾದರೂ ಹೋಗಿತ್ತೇ ಎಂದು ತಿರುಗಿಸಿ ನೋಡುತ್ತಿದ್ದೆ. ಅಷ್ಟರಲ್ಲಿ ಮೊಲೆ ಕುಡಿಯುತ್ತಿದ್ದ ಕರುವೊಂದು ನಿಂತಲ್ಲೇ ಕುಸಿದು ಸತ್ತಿತೆಂದು ಭಾವ ತಿಳಿಸಿದರು. ಕೆಂದು ಹಸುವಿನ ಗಬ್ಬವೂ ಹೋಯಿತು.

ಪಶುವೈದ್ಯರು ಆ ಹಸುವಿನ ನಾಲಿಗೆಯ ಬೊಬ್ಬೆಯಿಂದ ಸುಲಿದ ಚರ್ಮದ ಚೂರನ್ನು ನಮ್ಮ ಲ್ಯಾಬಿಗೇ ಕಳಿಸಿದರು. ಶೀಶೆಯ ಮೇಲೆ ನಮ್ಮೂರಿನ ಹೆಸರಿತ್ತು. ಅದನ್ನು ಅರೆದು, ಸೋಸಿ, ಕಿಡ್ನಿಯ ಕೋಶಗಳ ಮೇಲೆ ಹಾಕಿದೆ. ಮರುದಿನ ಬೆಳಿಗ್ಗೆ ಕೋಶಗಳು ಚೆನ್ನಾಗಿಯೇ ಇದ್ದವು. ಅದರ ಮರುದಿನ ಗುಂಡಗಾಗಿ, ಹಸಿಗೋಡೆಯ ಸುಣ್ಣ ಉದುರುವ ಹಾಗೆ ಬಾಟಲಿಯ ತಳದಿಂದ ಕಳಚಿಕೊಳ್ಳುತ್ತಿದ್ದವು. ಹೀಗಾದರೆ ನಾವು ಖುಷಿಪಡುತ್ತೇವೆ, ವೈರಸ್ ಹಿಡಿಯಿತಲ್ಲ ಎಂದು. ಆವತ್ತು ನಾನು ಯಾರನ್ನೂ ಕರೆದು ತೋರಿಸಲಿಲ್ಲ. ಅಕ್ಕನ ಕೊಟ್ಟಿಗೆಯಲ್ಲಿ ಆದದ್ದು ನನ್ನ ಕಣ್ಣೆದುರಿಗೇ, ನನ್ನ ಕೈಯಾರೆ ಇನ್ನೊಮ್ಮೆ ಆಗುತ್ತಿತ್ತು.

ಬೆಳೆದ ವೈರಸ್ಸನ್ನು ಬೇರೆ ಕಡೆ ಕಳಿಸಿ ಅದರ ವಂಶ ಓದಿಸಿದರು. ಉತ್ತರ ಬರುವ ತನಕ ನನಗೆ ಊಟ ಸೇರಲಿಲ್ಲ. ನಾವು ಬೆಳೆಸುವುದು ಹಳೆಯ ಕಾಲದ ತಳಿ. ಅಕ್ಕನ ಹಸುವಿನದು ಅದಲ್ಲ, ಈ ವರ್ಷ ಹೊರಗೆ ಓಡಾಡುತ್ತಿರುವ ತಳಿ. ರಾಜಾನುಕುಂಟೆಯ ಕೊಟ್ಟಿಗೆಯೊಂದರಲ್ಲಿ ಸಿಕ್ಕಿದ್ದೂ ಅದೇ. ವೈದ್ಯರು ವಿಚಾರಿಸಿದಾಗ, ಅಕ್ಕನ ಮನೆಗೆ ಬರುವ ಮೊದಲು ಬಾಡಿಗೆಯ ಹಸು ಕರು ಆ ಕೊಟ್ಟಿಗೆಯವರ ಗೃಹಪ್ರವೇಶಕ್ಕೂ ಹೋಗಿದ್ದವೆಂದು ಗೊತ್ತಾಯಿತು. ಬಾನಿಯ ವಿಷಯ ತಿಳಿದದ್ದೂ ಆಗಲೇ. ನನ್ನ ತಲೆಯ ಮೇಲಿನ ಭಾರ ಇಳಿಯಿತು. ಆ ಕ್ಷಣ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮತ್ತೆ ಒಂದು ವಾರ ರಜೆ ಹಾಕಿ, ಕಾದು, ಊರಿಗೆ ಹೋದೆ. ಅಕ್ಕ ಕೊಟ್ಟಿಗೆಯ ಮುಂದೆ ಕೂತಿದ್ದಳು. ಅವಳು ಮಾತಾಡಿಸುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ತಳಿ ನಮ್ಮದಲ್ಲ, ಬಂದದ್ದು ಆ ಟೆಂಪೋ ಹಸುವಿನಿಂದ, ಮನೆಯಲ್ಲೇ ಹಸು ಇಟ್ಟುಕೊಂಡು ಅದನ್ನು ಯಾಕೆ ತರಿಸಿದೆ ಎಂದೂ ಕೇಳಿಬಿಟ್ಟೆ. ಗೆದ್ದವಳ ದನಿ ಇತ್ತು ನನ್ನದು.

ಅಕ್ಕ ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

"ನೀನ್ ಬರ್ತೀನಿ ಅಂದ್ಯಲ್ಲ. ಅದ್ಕೇ ನಮ್ ಅಸೀನ ನಿನ್ ಅತ್ರ ಬಿಡೋದ್ ಬ್ಯಾಡ ಅಂತ ಇತ್ಲಾಗ್ ಕಟ್ಟಾಕಿ, ಬಾಡ್ಗೇದ್ ತರ್ಸ್ದೆ. ನೀನ್ ಬರಲ್ಲ ಅಂದಿದ್ರೆ ನಮ್ದೇ ನುಗ್ಗಿಸ್ತಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಅವಳು ಎದ್ದು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. ಅಂಗಡಿಯ ಪ್ಯಾಕೆಟ್ ಹಾಲಿನ ಕಾಫಿ.